ಅಪ್‌ಡೇಟ್: ಚಿನ್ನಿಯ ಕೂದಲು ಬೋಳಿಸಲಿಲ್ಲ

ರಾಯಚೂರಿನ ಬಿಸಿಲಿಗೆ ನಮ್ಮ ನಾಯಿ ಚಿನ್ನಿ ಮಂಕಾಗಿದ್ದಾಳೆ, ಪೊಮೆರೇನಿಯನ್ ಮಿಶ್ರತಳಿ, ಕೂದಲು ಬೋಳಿಸಲೇ ಎಂದು ಕೇಳಿದ್ದೆ. ಬೇಡವೆಂದ ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಪಶುವೈದ್ಯರೂ ಅದನ್ನೇ ಹೇಳಿದರು: ಎರಡು ಪದರದ ಆ ಕೂದಲು ಚರ್ಮವನ್ನು ಬಿಸಿಲಿನಿಂದ ಕಾಯುತ್ತದೆ, ದಿನವೂ ಬಾಚಿ ಉದುರಿದ ಒಳಗೂದಲು ತೆಗೆದರೆ ಸಾಕು.

ಬಾಚುವಾಗಲೇ ನಿಜ ಸಂಗತಿ ಹೊರಬಿತ್ತು. ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ರಕ್ತ ಹೀರಿ ಉಬ್ಬಿದ ಬೂದುಬಣ್ಣದ ಉಣ್ಣಿಗಳು! ರಕ್ತಪರೀಕ್ಷೆಯಲ್ಲಿ ಉಣ್ಣಿಯಿಂದ ಹರಡುವ ಎರ್ಲಿಕಿಯಾ ಸೋಂಕು ಪತ್ತೆಯಾಯಿತು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಇಳಿದಿತ್ತು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಔಷಧಿ ನಡೆಯುತ್ತಿದೆ, ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿಯಾಗಬಹುದು, ಹಾಗಾಗಿ ಊಟದ ಜೊತೆಗೇ.

ಈಗ ಬಟ್ಟಲು ನೆಕ್ಕಿ ಇನ್ನೂ ಬೇಕೆಂದು ಬೊಗಳುತ್ತಾಳೆ. ನಾಯಿ ಮಂಕಾದರೆ ಬಿಸಿಲನ್ನಷ್ಟೇ ದೂರಬೇಡಿ, ದಯವಿಟ್ಟು ಕಿವಿಯೊಳಗೂ ನೋಡಿ.