13 ವರ್ಷದ ಮಗ, ಆಟ ಚೆನ್ನಾಗಿದೆ, ಆದ್ರೆ ತುಂಬಾ ಸಣ್ಣ. ದೊಡ್ಡ ಕ್ಲಬ್‌ವರೆಗೆ ಹೋಗೋಕೆ ಸಾಧ್ಯವಾ?

ಕಾಫಿನಾಡಿನ ಅಮ್ಮ (ಚಿಕ್ಕಮಗಳೂರು):

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 13 ವರ್ಷ, ಎಂಟನೇ ಕ್ಲಾಸು. ಎತ್ತರ 141 ಸೆಂ.ಮೀ., ತೂಕ 32 ಕೆಜಿ. ಫುಟ್‌ಬಾಲ್ ಅಂದ್ರೆ ಪ್ರಾಣ. ಸ್ಕೂಲಿಂದ ಬಂದವನೇ ಬ್ಯಾಗ್ ಎಸೆದು ಜಿಲ್ಲಾ ಆಟದ ಮೈದಾನಕ್ಕೆ ಓಡ್ತಾನೆ. ಬಾಲ್ ಅವನ ಕಾಲಿಗೆ ಬಂದ್ರೆ ಸುಲಭಕ್ಕೆ ಯಾರೂ ಕಿತ್ಕೊಳ್ಳೋಕಾಗಲ್ಲ. ಇದು ತಾಯಿ ಮಾತು ಅಂದ್ಕೋಬೇಡಿ, ಅಲ್ಲಿ ಆಡೋ ಕಾಲೇಜು ಹುಡುಗರೇ ಹೇಳ್ತಾರೆ.

ಹೋದ ತಿಂಗಳು ಒಂದು ಅಕಾಡೆಮಿಯ ಸೆಲೆಕ್ಷನ್‌ಗೆ ಕರ್ಕೊಂಡು ಹೋಗಿದ್ವಿ. ಹಿಂದಿನ ರಾತ್ರಿಯಿಡೀ ಮಳೆ ಸುರಿದು ಗ್ರೌಂಡ್ ಪೂರ್ತಿ ಕೆಸರಾಗಿತ್ತು. ಲಿಸ್ಟಲ್ಲಿ ಇವನ ಹೆಸರಿರಲಿಲ್ಲ. ಕೇಳಿದ್ದಕ್ಕೆ, ಆಟ ಚೆನ್ನಾಗಿದೆ ಮೇಡಂ, ಬಾಡಿ ಇಲ್ಲ, ಎರಡು ವರ್ಷ ಬಿಟ್ಟು ಕರ್ಕೊಂಡು ಬನ್ನಿ ಅಂದ್ರು. ಅವತ್ತಿಂದ ಹುಡುಗನ ಮಾತೇ ಕಮ್ಮಿಯಾಗಿದೆ. ದಿನಾ ಬಾಗಿಲ ಮೇಲಿನ ಕಂಬಿ ಹಿಡಿದು ನೇತಾಡ್ತಾನೆ, ಹಾಗೆ ಮಾಡಿದ್ರೆ ಉದ್ದ ಆಗ್ತಾರೆ ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದಾನೆ. ಎತ್ತರ ಆಗೋ ಪೌಡರ್ ಬೇಕು ಅಂತಲೂ ಹಟ ಹಿಡಿದಿದ್ದಾನೆ. ನಾನು 5 ಅಡಿ, ಇವರಪ್ಪ 5 ಅಡಿ 5 ಇಂಚು. ಹಾಗಾಗಿ ಆರಡಿ ಬೆಳೀತಾನೆ ಅನ್ನೋ ಆಸೆ ನಮಗೂ ಇಲ್ಲ.

ಯುರೋಪಿನ ದೊಡ್ಡ ಕ್ಲಬ್ ಅನ್ನೋದು ಅವನ ಕನಸು. ಅದಿರಲಿ, ಇಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್‌ವರೆಗಾದ್ರೂ ಇಷ್ಟು ಸಣ್ಣ ಹುಡುಗ ಹೋಗಬಹುದಾ? ದಯವಿಟ್ಟು ಬರೀ ಮೆಸ್ಸಿ ಹೆಸರು ಹೇಳಿ ಸಮಾಧಾನ ಮಾಡಬೇಡಿ. ನಿಜ ಏನಿದೆಯೋ ಅದನ್ನ ಹೇಳಿ.

ಹಾಸನ ಪಿಟಿ ಮೇಷ್ಟ್ರು:

ಮೇಡಂ, ಮೊದಲು ಎತ್ತರದ ಲೆಕ್ಕ ನೋಡೋಣ. ಗಂಡು ಮಕ್ಕಳಿಗೆ ಅಪ್ಪನ ಎತ್ತರ, ಅಮ್ಮನ ಎತ್ತರ ಕೂಡಿಸಿ, ಅದಕ್ಕೆ 13 ಸೆಂ.ಮೀ. ಸೇರಿಸಿ ಅರ್ಧ ಮಾಡಬೇಕು. ನಿಮ್ಮದು 152, ಅವರದು 165. ಉತ್ತರ ಸುಮಾರು 165 ಬರುತ್ತೆ. ಇದು ಬರೀ ಅಂದಾಜು, ಇದರ ಮೇಲೆ ಕೆಳಗೆ ಏಳೆಂಟು ಸೆಂ.ಮೀ. ಆಗಬಹುದು. ಮರಡೋನಾ ಎತ್ತರವೂ 165. ಇಟಲಿಗೆ ಯುರೋಪಿನ ದೇಶಗಳ ಕಪ್ ಯೂರೋ 2020 ಗೆದ್ದುಕೊಟ್ಟ ಟೀಮಿನ ಮಿಡ್‌ಫೀಲ್ಡಿನಲ್ಲಿದ್ದ ವೆರಾಟ್ಟಿಯದೂ ಅಷ್ಟೇ. ಅಂದ್ರೆ ಎತ್ತರ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಿಲ್ಲ.

ಇನ್ನೊಂದು ಮುಖ್ಯ ವಿಷಯ. 13 ವರ್ಷದ ಹುಡುಗರೆಲ್ಲ ಒಂದೇ ವಯಸ್ಸಿನವರಲ್ಲ. ಹುಡುಗರು ದಿಢೀರ್ ಉದ್ದ ಆಗೋದು ಹೆಚ್ಚಾಗಿ 13, 14ರ ಆಸುಪಾಸಲ್ಲಿ, ಕೆಲವರಿಗೆ 12ಕ್ಕೇ ಶುರುವಾಗುತ್ತೆ, ಇನ್ನು ಕೆಲವರಿಗೆ 15 ಆದ್ರೂ ಶುರುವಾಗಿರಲ್ಲ. ನಮ್ಮ ಸ್ಕೂಲಲ್ಲೇ ಒಂದೇ ಟೀಮಲ್ಲಿ ಮೀಸೆ ಬಂದವನೂ ಇರ್ತಾನೆ, ಹಾಲುಗಲ್ಲದವನೂ ಇರ್ತಾನೆ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಅರ್ಧ ಗಂಟೆ ಆಡಿಸಿದ್ರೆ ಮೀಸೆ ಬಂದವನೇ ಗೆಲ್ಲೋದು. ಅದು ಅವನ ಆಟ ಅಲ್ಲ, ಅವನ ದೇಹ ಬೇಗ ಬೆಳೆದಿರೋದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳಿಗೆ ಇದು ಗೊತ್ತಾಗಿದೆ. ಅದಕ್ಕೇ ಅಲ್ಲಿ ವಯಸ್ಸು ಬಿಟ್ಟು ದೇಹ ಎಷ್ಟು ಬೆಳೆದಿದೆ ಅನ್ನೋದರ ಮೇಲೆ ಗುಂಪು ಮಾಡಿ ಆಡಿಸೋ ಟೂರ್ನಮೆಂಟ್‌ಗಳನ್ನೂ ನಡೆಸ್ತಾರೆ. ನಮ್ಮಲ್ಲಿ ಸೆಲೆಕ್ಷನ್ ಮಾಡೋರು ಕಣ್ಣಳತೆಯಲ್ಲೇ ಮುಗಿಸಿಬಿಡ್ತಾರೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಕಂಬಿಗೆ ನೇತಾಡಿದ್ರೆ ಕೈ ಗಟ್ಟಿಯಾಗುತ್ತೆ, ಎತ್ತರ ಆಗಲ್ಲ. ಪೌಡರ್‌ಗೆ ದುಡ್ಡು ಹಾಕಬೇಡಿ. ಮೊಟ್ಟೆ, ಹಾಲು, ಕಾಳು, ಮುದ್ದೆ, ರಾತ್ರಿ ಒಂಬತ್ತು ತಾಸು ನಿದ್ದೆ, ಇಷ್ಟು ಸರಿಯಾಗಿರಲಿ. ಮೂರು ತಿಂಗಳಿಗೊಮ್ಮೆ ಗೋಡೆ ಮೇಲೆ ಗುರುತು ಹಾಕಿ. ವರ್ಷಕ್ಕೆ 4 ಸೆಂ.ಮೀ.ಗಿಂತ ಕಮ್ಮಿ ಬೆಳೀತಿದ್ರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ. ಎಡಗೈ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡ್ತಾರೆ, ಇನ್ನೂ ಎಷ್ಟು ಬೆಳೆಯೋದಿದೆ ಅಂತ ಅದರಿಂದ ಅಂದಾಜು ಸಿಗುತ್ತೆ. ಮೆಸ್ಸಿ ಹೆಸರು ಬೇಡ ಅಂದ್ರಿ, ಆದ್ರೂ ಇದಕ್ಕೆ ಮಾತ್ರ ಹೇಳ್ತೀನಿ. ಅವನಿಗಿದ್ದದ್ದು ಗ್ರೋತ್ ಹಾರ್ಮೋನ್ ಕೊರತೆ, ಅದೊಂದು ಕಾಯಿಲೆ, ಡಾಕ್ಟರ್ ಹೇಳಿ ಇಂಜೆಕ್ಷನ್ ಕೊಟ್ಟಿದ್ದು. ಸುಮ್ನೆ ಸಣ್ಣಗಿರೋ ಮಕ್ಕಳಿಗೆ ಅದಲ್ಲ.

ಅಂದಹಾಗೆ, ಹುಡುಗ ಹುಟ್ಟಿದ್ದು ಯಾವ ತಿಂಗಳು?

ಸಕಲೇಶಪುರ ಡಿಫೆಂಡರ್:

ಮೇಷ್ಟ್ರು ಹೇಳಿದ್ದು ಸರಿ. ಆದ್ರೆ ಅಕ್ಕ ನಿಜ ಹೇಳಿ ಅಂದಿದ್ದಾರೆ, ಅದಕ್ಕೆ ಇನ್ನೊಂದು ಕಡೆಯದನ್ನೂ ಹೇಳಿಬಿಡ್ತೀನಿ. ನಾನು ಹತ್ತು ವರ್ಷ ಸೆಂಟರ್ ಬ್ಯಾಕ್, ಅಂದ್ರೆ ಗೋಲಿನ ಮುಂದೆ ನಡುವಲ್ಲಿ ನಿಲ್ಲೋ ಡಿಫೆಂಡರ್ ಆಗಿ ಆಡಿದವನು. ಸಣ್ಣ ಹುಡುಗ ಬಾಲ್ ತಗೊಂಡು ಬಂದ್ರೆ ನಮಗೆ ಕೋಚ್ ಹೇಳಿಕೊಡ್ತಿದ್ದದ್ದು ಒಂದೇ, ಮೊದಲನೇ ಸಲವೇ ಭುಜ ಕೊಟ್ಟು ಬೀಳಿಸು, ಆಮೇಲೆ ಅವನು ನಿನ್ನ ಹತ್ರ ಬರಲ್ಲ. ಬಾಲ್ ಆಡೋ ದೂರದಲ್ಲಿದ್ದಾಗ ಭುಜಕ್ಕೆ ಭುಜ ಕೊಡೋದು ಫೌಲ್ ಅಲ್ಲ, ರೆಫ್ರಿ ವಿಸಿಲ್ ಹೊಡೆಯಲ್ಲ. 90 ನಿಮಿಷ ಅದನ್ನ ತಡ್ಕೋಬೇಕು.

ಮೆಸ್ಸಿ, ಇನಿಯೆಸ್ಟಾ ಅಂತ ಎಲ್ಲರೂ ಹೆಸರು ಹೇಳ್ತಾರೆ. ಅವರ ಜೊತೆ ಟ್ರಯಲ್ಸ್‌ಗೆ ಬಂದು ವಾಪಸ್ ಹೋದ ಸಣ್ಣ ಹುಡುಗರ ಹೆಸರು ಯಾರಿಗೂ ಗೊತ್ತಿಲ್ಲ ಅಲ್ವಾ? ಗೋಲ್‌ಕೀಪರ್, ಸೆಂಟರ್ ಬ್ಯಾಕ್ ಜಾಗಕ್ಕೆ ಎತ್ತರ ಬೇಕೇ ಬೇಕು. ಕಾರ್ನರ್ ಬಂದಾಗ ಪ್ರತಿ ಕೋಚ್ ತಲೆ ಎಣಿಸ್ತಾನೆ. 2017ರಲ್ಲಿ ನಮ್ಮ ದೇಶದಲ್ಲೇ ಅಂಡರ್-17 ವಿಶ್ವಕಪ್ ಆಯ್ತು. ಫಿಫಾ ವಿಶ್ವಕಪ್‌ನಲ್ಲಿ ಭಾರತಕ್ಕೆ ಮೊದಲ ಗೋಲು ಬಂದಿದ್ದು ಅಲ್ಲೇ, ಕೊಲಂಬಿಯಾ ವಿರುದ್ಧ, ಉದ್ದ ಹುಡುಗ ಜೀಕ್ಸನ್ ಸಿಂಗ್ ಕಾರ್ನರ್‌ಗೆ ತಲೆ ಕೊಟ್ಟು ಹೊಡೆದದ್ದು. ಹಾಗಾಗಿ ಎತ್ತರಕ್ಕೆ ಬೆಲೆನೇ ಇಲ್ಲ ಅಂತ ಹುಡುಗನಿಗೆ ಹೇಳಬೇಡಿ. ಸಣ್ಣವನು ಬೇರೆಯವರಷ್ಟೇ ಚೆನ್ನಾಗಿ ಆಡಿದ್ರೆ ಸಾಲಲ್ಲ, ಜಾಸ್ತಿ ಚೆನ್ನಾಗಿ ಆಡಬೇಕು. ಇದು ಅನ್ಯಾಯವೇ. ಆದ್ರೆ ಇರೋದು ಹೀಗೆ.

ಮೂಡಿಗೆರೆ ನಂಬರ್ ಎಂಟು:

ಡಿಫೆಂಡರ್ ಅಣ್ಣ, ನೀವು ಭುಜ ಕೊಡೋಕೆ ಬರೋ ಹೊತ್ತಿಗೆ ಬಾಲ್ ಅಲ್ಲಿ ಇರಲೇಬಾರದು. ಸಣ್ಣವರ ಆಟ ಇರೋದೇ ಅಲ್ಲಿ. ನಾನು 163 ಸೆಂ.ಮೀ., ಯೂನಿವರ್ಸಿಟಿ ಟೀಮ್‌ವರೆಗೆ ಮಿಡ್‌ಫೀಲ್ಡ್ ಆಡಿದ್ದೀನಿ. ಅದಕ್ಕಿಂತ ಮೇಲೆ ಹೋಗಲಿಲ್ಲ, ಆದ್ರೆ ಅಲ್ಲಿವರೆಗೆ ಹೇಗೆ ಉಳ್ಕೊಂಡೆ ಅನ್ನೋದು ಗೊತ್ತು.

ಅಕ್ಕ, ನಿಮ್ಮ ಮಗ ಬಾಲ್ ಬಂದಮೇಲೆ ಏನು ಮಾಡ್ತಾನೆ ಅನ್ನೋದನ್ನ ಎಲ್ಲರೂ ನೋಡ್ತಾರೆ. ನೀವು ಒಂದು ದಿನ ಗ್ರೌಂಡ್ ಪಕ್ಕ ನಿಂತು ಬಾಲ್ ಬರೋಕೆ ಮುಂಚೆ ಏನು ಮಾಡ್ತಾನೆ ನೋಡಿ. ಕುತ್ತಿಗೆ ತಿರುಗಿಸಿ ಹಿಂದೆ ನೋಡ್ತಾನಾ? ಎಡಕ್ಕೊಮ್ಮೆ, ಬಲಕ್ಕೊಮ್ಮೆ? ಅಥವಾ ಬಾಲನ್ನೇ ನೋಡ್ತಾ ನಿಂತಿರ್ತಾನಾ? ನಾರ್ವೆಯ ಗೈರ್ ಯೋರ್ಡೆಟ್ ಅನ್ನೋ ಪ್ರೊಫೆಸರ್ ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೋ ಇಟ್ಕೊಂಡು ಇದನ್ನೇ ಎಣಿಸಿದ್ದಾರೆ. ಬಾಲ್ ಬರೋ ಮುಂಚೆ ಜಾಸ್ತಿ ಸಲ ಸುತ್ತ ನೋಡೋರ ಪಾಸ್ ಜಾಸ್ತಿ ಸರಿಯಾಗಿ ಹೋಗುತ್ತೆ. ಸ್ಪೇನಿನ ಮಿಡ್‌ಫೀಲ್ಡರ್ ಚಾವಿ 170 ಸೆಂ.ಮೀ., ಓಟದಲ್ಲಿ ಅಂಥ ವೇಗವೂ ಇರಲಿಲ್ಲ, ಆದ್ರೆ ತಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಾಲ್ ಮುಟ್ಟೋ ಮೊದಲೇ ಎಲ್ಲಿಗೆ ಕೊಡಬೇಕು ಅಂತ ಗೊತ್ತಿದ್ದವನನ್ನ ತಳ್ಳೋಕೆ ಹೋದ್ರೆ ಗಾಳಿಯನ್ನ ತಳ್ಳಬೇಕು.

ಇದು ಕಲಿಯೋಕೆ ಆಗೋ ವಿಷಯ. ಇಬ್ಬರು ಗೆಳೆಯರು ಸಾಕು. ಒಬ್ಬ ಮುಂದೆ ನಿಂತು ಬಾಲ್ ಕೊಡಲಿ, ಇನ್ನೊಬ್ಬ ಬೆನ್ನ ಹಿಂದೆ ನಿಂತು ಕೈ ಎತ್ತಿ ಬೆರಳು ತೋರಿಸಲಿ. ಬಾಲ್ ಕಾಲಿಗೆ ಸೇರೋ ಮುಂಚೆ ಇವನು ತಿರುಗಿ ನೋಡಿ ಎಷ್ಟು ಬೆರಳು ಅಂತ ಕೂಗಬೇಕು. ಮೊದಲ ವಾರ ಬಾಲ್ ಕಾಲಿಂದ ಜಾರಿ ಹೋಗ್ತಾನೇ ಇರುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಎಡಗಾಲಲ್ಲೂ ಅಷ್ಟೇ ಆಡಿಸಿ. ಎರಡೂ ಕಾಲು ಆಡೋ ಸಣ್ಣ ಹುಡುಗ ಯಾವ ಕಡೆ ತಿರುಗ್ತಾನೆ ಅಂತ ಡಿಫೆಂಡರ್‌ಗೆ ಗೊತ್ತಾಗಲ್ಲ.

ಇನ್ನು ಆ ಸೆಲೆಕ್ಷನ್ ಬಗ್ಗೆ. ಕೆಸರಲ್ಲಿ ಹುಡುಗರನ್ನ ಆರಿಸಿದ್ದೇ ತಪ್ಪು. ನಮ್ಮ ಮಲೆನಾಡಿನ ಗ್ರೌಂಡ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗಿರುತ್ತೆ ಎಲ್ಲರಿಗೂ ಗೊತ್ತು. ನೆಲದ ಮೇಲೆ ಪಾಸ್ ಕೊಟ್ರೆ ಅರ್ಧದಾರಿಯಲ್ಲಿ ನೀರಲ್ಲಿ ನಿಂತುಬಿಡುತ್ತೆ, ತಿರುಗೋಕೆ ಹೋದ್ರೆ ಕಾಲು ಜಾರುತ್ತೆ, ಅಲ್ಲಿ ಗೆಲ್ಲೋದು ಬಾಲನ್ನ ದೂರಕ್ಕೆ ಒದ್ದು ಹಿಂದೆ ಓಡಿ ನಾಲ್ಕು ಜನರನ್ನ ತಳ್ಳೋನು ಮಾತ್ರ. ನಿಮ್ಮ ಮಗನಿಗೆ ಏನು ಬರುತ್ತೋ ಅದನ್ನ ತೋರಿಸೋ ಅವಕಾಶವೇ ಅವತ್ತು ಇರಲಿಲ್ಲ. ಮಳೆಗಾಲದಲ್ಲಿ ಅವನನ್ನ ಟರ್ಫ್‌ನಲ್ಲೋ ಶಟಲ್ ಕೋರ್ಟ್‌ನಲ್ಲೋ ಐದೈದು ಜನರ ಆಟಕ್ಕೆ ಕಳಿಸಿ. ಸಣ್ಣ ಜಾಗ, ಬಾಲ್ ಪದೇ ಪದೇ ಕಾಲಿಗೆ ಬರುತ್ತೆ, ತಲೆ ಬೇಗ ಓಡಬೇಕು. ಮುಂದಿನ ಸೆಲೆಕ್ಷನ್‌ಗೆ ಡಿಸೆಂಬರ್, ಜನವರಿಯಲ್ಲಿ ಒಣ ಗ್ರೌಂಡಲ್ಲಿ ಕರ್ಕೊಂಡು ಹೋಗಿ.

ಕಾಫಿನಾಡಿನ ಅಮ್ಮ:

ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಹುಟ್ಟಿದ್ದು ನವೆಂಬರ್ ಕೊನೆ ವಾರ. ಬೆರಳು ತೋರಿಸೋ ಆಟ ನಿನ್ನೆ ಸಂಜೆ ಅವನ ಅಕ್ಕನೂ ನಾನೂ ಸೇರಿ ಅಂಗಳದಲ್ಲೇ ಆಡಿಸಿದ್ವಿ, ಕಾಫಿ ಒಣಗಿಸೋ ಕಣ ಇದೆಯಲ್ಲ, ಅಲ್ಲಿ. ಹುಡುಗ ಬಹಳ ದಿನದ ಮೇಲೆ ನಕ್ಕ.

ಇನ್ನೊಂದು ಕೇಳಬೇಕಿತ್ತು. ಒಬ್ಬರು ಏಜೆಂಟ್ ಫೋನ್ ಮಾಡಿ, ಸ್ಪೇನಿನಲ್ಲಿ ಟ್ರಯಲ್ಸ್ ಕೊಡಿಸ್ತೀನಿ, ಅಲ್ಲಿ ಸಣ್ಣ ಹುಡುಗರನ್ನೇ ಹುಡುಕ್ತಾರೆ, ಆಯ್ಕೆ ಆದ್ರೆ ಕ್ಲಬ್ಬೇ ಇಟ್ಕೊಳ್ಳುತ್ತೆ ಅಂದ್ರು. ಕೆಲವು ಲಕ್ಷ ಕೇಳ್ತಿದ್ದಾರೆ. ಇವರಪ್ಪ ಈ ಸಲದ ಮೆಣಸಿನ ದುಡ್ಡು ಹಾಕೋಣ ಅಂತಿದ್ದಾರೆ.

ಬೆಂಗಳೂರಲ್ಲಿರೋ ಬೇಲೂರಿನವನು:

ಅಕ್ಕ, ದಯವಿಟ್ಟು ಕೊಡಬೇಡಿ. ಒಂದು ರೂಪಾಯಿನೂ ಕೊಡಬೇಡಿ. ಫಿಫಾ ನಿಯಮದ ಪ್ರಕಾರ 18 ವರ್ಷ ಆಗದ ಹುಡುಗನನ್ನ ಬೇರೆ ದೇಶದ ಕ್ಲಬ್ ಸೇರಿಸ್ಕೊಳ್ಳೋ ಹಾಗಿಲ್ಲ. ಕೆಲವು ವಿನಾಯಿತಿ ಇವೆ, ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ರೆ, ಯುರೋಪಿನ ಒಳಗೇ 16 ದಾಟಿದ ಹುಡುಗ ಹೋದ್ರೆ, ಹೀಗೆ. ಚಿಕ್ಕಮಗಳೂರಿನ 13 ವರ್ಷದ ಹುಡುಗನಿಗೆ ಅವು ಯಾವುದೂ ಅನ್ವಯ ಆಗಲ್ಲ. ಮೆಸ್ಸಿ 2000ದಲ್ಲಿ 13ನೇ ವಯಸ್ಸಿಗೆ ಬಾರ್ಸಿಲೋನಾಗೆ ಹೋದ ಹಾಗೆ ಈಗ ಸುಲಭವಾಗಿ ಹೋಗೋಕಾಗಲ್ಲ. ಈ ನಿಯಮ ಮುರಿದಿದ್ದಕ್ಕೇ 2014ರಲ್ಲಿ ಅದೇ ಬಾರ್ಸಿಲೋನಾಗೆ ಹೊಸ ಆಟಗಾರರನ್ನ ತಗೊಳ್ಳದ ಹಾಗೆ ಫಿಫಾ ನಿಷೇಧ ಹಾಕಿತ್ತು. ಆ ಏಜೆಂಟ್ ಕೊಡಿಸೋ ಟ್ರಯಲ್ಸ್ ಅಂದ್ರೆ ದುಡ್ಡು ಕೊಟ್ಟು ನಾಲ್ಕು ದಿನ ಆಡಿ, ಜರ್ಸಿ ಹಾಕ್ಕೊಂಡು ಫೋಟೋ ತೆಗೆಸ್ಕೊಂಡು ಬರೋದು ಅಷ್ಟೇ.

ಇಲ್ಲಿರೋ ದಾರಿ ನೋಡಿ. ಜೆಮ್‌ಷೆಡ್‌ಪುರದಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ 1987ರಿಂದ ಇದೆ. ಮುಂಬೈ ಕಡೆ ರಿಲಯನ್ಸ್ ಫೌಂಡೇಶನ್ನಿನ ಅಕಾಡೆಮಿ ಇದೆ. ಎರಡರಲ್ಲೂ ಆಯ್ಕೆಯಾದವರಿಗೆ ಸ್ಕಾಲರ್‌ಶಿಪ್, ಊಟ ವಸತಿ ಓದು ಎಲ್ಲಾ ಅವರದೇ. ಐಎಸ್‌ಎಲ್ ಕ್ಲಬ್‌ಗಳಿಗೂ ಯೂತ್ ಟೀಮ್‌ಗಳಿವೆ. ಹಾಸನ, ಚಿಕ್ಕಮಗಳೂರಲ್ಲಿ ಎಷ್ಟೇ ಚೆನ್ನಾಗಿ ಆಡಿದ್ರೂ ನೋಡೋರು ಕಮ್ಮಿ, ಅದಕ್ಕೆ ಬೆಂಗಳೂರಿನಲ್ಲಿ ನಡೆಯೋ ಯೂತ್ ಮ್ಯಾಚ್‌ಗಳಲ್ಲಿ ಅವನು ಕಾಣಿಸ್ಕೊಳ್ಳಬೇಕು.

ಸಣ್ಣವರ ಬಗ್ಗೆ ಹೇಳಬೇಕು ಅಂದ್ರೆ ನನಗೆ ಮೆಸ್ಸಿಗಿಂತ ಮಾಡ್ರಿಚ್ ಕಥೆ ಮುಖ್ಯ ಅನಿಸುತ್ತೆ. ಕ್ರೊವೇಷಿಯಾದಲ್ಲಿ ಅವನ ಊರಿನ ಕಡೆಯ ದೊಡ್ಡ ಕ್ಲಬ್ ಹಾಯ್ದುಕ್ ಸ್ಪ್ಲಿಟ್, ಹುಡುಗ ಸಣ್ಣ, ಬಡಕಲು ಅಂತ ಬೇಡ ಅಂದಿತ್ತು. ಡೈನಮೋ ಜಾಗ್ರೆಬ್ ತಗೊಂಡು 18ನೇ ವಯಸ್ಸಿಗೆ ಬೋಸ್ನಿಯಾದ ಲೀಗ್‌ಗೆ ಲೋನ್ ಮೇಲೆ ಕಳಿಸಿತು. ಕೆಟ್ಟ ಗ್ರೌಂಡು, ಒರಟು ಆಟ. ಅಲ್ಲಿ ಆಡಿದವನು ಎಲ್ಲಿ ಬೇಕಾದ್ರೂ ಆಡ್ತಾನೆ ಅಂತ ಆಮೇಲೆ ಅವನೇ ಹೇಳಿದ್ದಾನೆ. 2012ರಲ್ಲಿ ರಿಯಲ್ ಮ್ಯಾಡ್ರಿಡ್, 2018ರಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡೋ ಬ್ಯಾಲನ್ ಡಿ'ಓರ್. ಎತ್ತರ 172. ಫ್ರಾನ್ಸಿನ ಮಿಡ್‌ಫೀಲ್ಡರ್ ಕಾಂಟೆ ಅವನಿಗಿಂತಲೂ ಸಣ್ಣ. 2012-13ರಲ್ಲಿ ಫ್ರಾನ್ಸಿನ ಮೂರನೇ ಡಿವಿಷನ್‌ನಲ್ಲಿ ಆಡ್ತಿದ್ದವನು 2016ರಲ್ಲಿ ಲೆಸ್ಟರ್ ಜೊತೆ ಪ್ರೀಮಿಯರ್ ಲೀಗ್ ಗೆದ್ದ, 2018ರಲ್ಲಿ ವಿಶ್ವಕಪ್. ಇಬ್ಬರೂ ನಿಧಾನವಾಗಿ ಬಂದವರು. ನಮ್ಮ ಸುನಿಲ್ ಛೆಟ್ರಿನೂ 170. ಅಷ್ಟಿಟ್ಕೊಂಡು ತಲೆಯಿಂದ ಎಷ್ಟು ಗೋಲು ಹೊಡೆದಿದ್ದಾರೆ ನೋಡಿ, ಎಗರೋ ಸಮಯ ಕರೆಕ್ಟಾಗಿ ಗೊತ್ತು ಅವರಿಗೆ.

ಮಿಜೋರಾಂ ಕೂಡ ನಮ್ಮ ಹಾಗೇ ಗುಡ್ಡಗಾಡು, ಜನರೂ ಅಷ್ಟೇನೂ ಎತ್ತರ ಇಲ್ಲ. ಅಲ್ಲಿನ ಐಜಾಲ್ ಎಫ್‌ಸಿ 2016-17ರಲ್ಲಿ ದೊಡ್ಡ ದೊಡ್ಡ ಕ್ಲಬ್‌ಗಳನ್ನ ಹಿಂದೆ ಹಾಕಿ ದೇಶದ ಕ್ಲಬ್‌ಗಳ ಐ-ಲೀಗ್ ಗೆದ್ದಿತು. ನಮ್ಮ ಕರ್ನಾಟಕವೂ 2023ರಲ್ಲಿ 54 ವರ್ಷದ ಮೇಲೆ ರಾಜ್ಯಗಳ ನಡುವೆ ನಡೆಯೋ ಸಂತೋಷ್ ಟ್ರೋಫಿ ತಂದಿದೆ. ಇಲ್ಲಿ ಆಡೋರಿಲ್ಲ ಅನ್ನೋ ಮಾತೇ ಸುಳ್ಳು.

ಹಾಸನ ಪಿಟಿ ಮೇಷ್ಟ್ರು:

ನವೆಂಬರ್ ಅಂದ್ರಲ್ಲ, ಅದಕ್ಕೇ ಕೇಳಿದ್ದು. ಫುಟ್‌ಬಾಲಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ. ಅದೇ ವರ್ಷದ ಜನವರಿಯಲ್ಲಿ ಹುಟ್ಟಿದ ಹುಡುಗ ನಿಮ್ಮ ಮಗನಿಗಿಂತ ಹತ್ತು ತಿಂಗಳಿಗೂ ಜಾಸ್ತಿ ದೊಡ್ಡವನು, ಆದ್ರೆ ಸೆಲೆಕ್ಷನ್‌ನಲ್ಲಿ ಇಬ್ಬರೂ ಒಂದೇ ಸಾಲು. ಈ ವಯಸ್ಸಲ್ಲಿ ಹತ್ತು ತಿಂಗಳು ಅಂದ್ರೆ ಬಹಳ. ಯುರೋಪಿನ ಅಕಾಡೆಮಿಗಳಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರ್ತಾರೆ ಅಂತ ಎಷ್ಟೋ ಅಧ್ಯಯನ ತೋರಿಸಿವೆ.

ಇದನ್ನ ಹುಡುಗನಿಗೂ ಬಿಡಿಸಿ ಹೇಳಿ, ಕ್ಯಾಲೆಂಡರ್ ಇಟ್ಕೊಂಡು ತೋರಿಸಿ. ತನ್ನಲ್ಲೇ ಏನೋ ಕೊರತೆ ಇದೆ ಅಂದ್ಕೊಂಡು ಕಂಬಿಗೆ ನೇತಾಡೋದು ನಿಲ್ಲಿಸ್ತಾನೆ. ಮುಂದಿನ ಸೆಲೆಕ್ಷನ್‌ಗೆ ಹೋದಾಗ ಫಾರಂ ಕೊಡೋವಾಗಲೇ ಹುಟ್ಟಿದ ತಿಂಗಳನ್ನ ಕೋಚ್‌ಗೆ ಬಾಯಲ್ಲಿ ಹೇಳಿ, ಅಪ್ಪ ಅಮ್ಮನ ಎತ್ತರವನ್ನೂ ಹೇಳಿ. ತಿಳಿದ ಕೋಚ್ ಆದ್ರೆ ಇನ್ನೊಂದು ಸಲ ನೋಡ್ತಾರೆ. ಬೇಸಿಗೆ ರಜೆಯಲ್ಲಿ ಹಾಸನಕ್ಕೆ ಕರ್ಕೊಂಡು ಬನ್ನಿ. ನಮ್ಮ ಹುಡುಗರು ಬೆಳಗ್ಗೆ ಆರಕ್ಕೆ ಆಡ್ತಾರೆ, ಅವನನ್ನ ಒಂದು ವರ್ಷ ಚಿಕ್ಕವರ ಜೊತೆ ಸ್ವಲ್ಪ ದಿನ, ದೊಡ್ಡವರ ಜೊತೆ ಸ್ವಲ್ಪ ದಿನ ಆಡಿಸಿ ನೋಡೋಣ. ಚಿಕ್ಕವರ ಜೊತೆ ಆಟ ಕಟ್ಟೋದು ಕಲೀತಾನೆ, ದೊಡ್ಡವರ ಜೊತೆ ಬಾಲ್ ಬೇಗ ಬಿಡೋದು ಕಲೀತಾನೆ. ಫೀಸ್ ಏನಿಲ್ಲ, ಶೂ ಮತ್ತು ನೀರಿನ ಬಾಟಲ್ ತರಲಿ.