ಗೌಡ್ರ ಗ್ಯಾರೇಜಿನಲ್ಲಿ ಶ್ವೇತಭವನ

"ಒಪ್ಪಿಕೊಂಡ್ರು ಕಣ್ರೀ! ಟ್ರಂಪ್ ಒಪ್ಪಿಕೊಂಡ್ರು!" ಅಂತ ಗೌಡ್ರು ಫೋನ್ ಎತ್ತಿ ಹಿಡಿದರು.

"ಏನಂತ?" ಶೆಟ್ರು ಮಾಸ್ಕನ್ನು ಗಲ್ಲಕ್ಕೆ ಇಳಿಸಿದರು.

"ಬೈಡನ್ ಗೆದ್ದ ಅಂತ. ಬೆಳಗ್ಗೆ ಟ್ವೀಟ್ ಮಾಡಿದ್ದಾರೆ."

"ಪೂರ್ತಿ ಓದ್ರಿ," ಅಂದರು ಕುಲಕರ್ಣಿ.

"'ಅವನು ಗೆದ್ದ, ಯಾಕಂದ್ರೆ ಚುನಾವಣೇಲಿ ಮೋಸ ಆಗಿದೆ.'"

"ಇನ್ನೂ ಕೆಳಗ ಹೋಗ್ರಿ."

ಗೌಡ್ರ ಬೆರಳು ಜಾರಿತು. ಮುಖವೂ ಜಾರಿತು. "ಆಮೇಲೆ ಇನ್ನೊಂದಿದೆ. 'ನಾನು ಏನನ್ನೂ ಒಪ್ಪಿಕೊಂಡಿಲ್ಲ! ಇನ್ನೂ ಬಹಳ ದೂರ ಹೋಗೋದಿದೆ.'"

ಅವತ್ತು 2020ರ ನವೆಂಬರ್ 15, ಭಾನುವಾರ. ನ್ಯೂಜೆರ್ಸಿಯ ಎಡಿಸನ್. ಕೊರೊನಾ ಕಾಲ, ಮನೆಯೊಳಗೆ ಯಾರನ್ನೂ ಕೂರಿಸುವ ಹಾಗಿಲ್ಲ. ಗ್ಯಾರೇಜಿನ ಬಾಗಿಲು ಮೇಲೆತ್ತಿ, ಟೇಪ್ ಹಿಡಿದು ಅಳೆದು, ಆರಾರು ಅಡಿಗೆ ಒಂದೊಂದು ಕುರ್ಚಿ ಹಾಕಿದ್ದರು ಗೌಡ್ರು. ದೂರ ಕೂತ ಮೇಲೆ ಎಲ್ಲರೂ ಕೂಗಿಯೇ ಮಾತಾಡಬೇಕು. ರಾಜಕೀಯ ಮಾತಾಡೋಕೆ ಇದಕ್ಕಿಂತ ಒಳ್ಳೇ ಏರ್ಪಾಡು ನಾನು ನೋಡಿಲ್ಲ.

ಗೌಡ್ರು ಮಂಡ್ಯದವರು. ಶೆಟ್ರು ಕುಂದಾಪುರದವರು, ಟ್ರಂಪ್‌ಗೆ ಓಟು ಹಾಕಿದವರು, ಹಾಗಂತ ಎದೆ ತಟ್ಟಿ ಹೇಳುವವರು. ಭಟ್ಟರು ಶಿರಸಿಯವರು, ಹೆಚ್ಚು ಮಾತಿಲ್ಲ, ಶುರು ಮಾಡಿದರೆ ನಿಲ್ಲಿಸೋದಿಲ್ಲ. ಧಾರವಾಡದ ಕುಲಕರ್ಣಿಗೆ ಸೆಪ್ಟೆಂಬರ್‌ನಿಂದ ನಿದ್ದೆ ಇಲ್ಲ. ಆ ತಿಂಗಳ 23ಕ್ಕೆ ಪತ್ರಕರ್ತರೊಬ್ಬರು "ಸೋತರೆ ಶಾಂತಿಯಿಂದ ಅಧಿಕಾರ ಬಿಟ್ಟುಕೊಡ್ತೀರಾ?" ಅಂತ ಕೇಳಿದ್ದರು. ಟ್ರಂಪ್ "ಏನಾಗುತ್ತೋ ನೋಡಬೇಕು" ಅಂದಿದ್ದರು. ಕುಲಕರ್ಣಿ ಅವತ್ತೇ ಇಂಡಿಯನ್ ಸ್ಟೋರ್‌ಗೆ ಹೋಗಿ ಸೋನಾ ಮಸೂರಿ ಮೂಟೆ ಹೊತ್ತು ತಂದರು.

"ಬಾಗಲಾ ಹಾಕ್ಕೊಂಡು ಒಳಗ ಕುಂತ್ರ ಏನ್ ಮಾಡ್ತೀರಿ?" ಅಂದರು ಕುಲಕರ್ಣಿ. "ವೈಟ್ ಹೌಸಿನಾಗ ಅಡಿಗಿಮನಿ ಅದ, ಡಾಕ್ಟರ್ ಇದ್ದಾರ, ಸಿನಿಮಾ ಥೇಟರ್ ಅದ, ಬೌಲಿಂಗ್ ಆಡೋ ಜಾಗಾ ಅದ. ನೆಲದಾಗ ಬಂಕರ್ ಅದ. ನಾನಾಗಿದ್ರ ನಾನೂ ಹೊರಗ ಬರ್ತಿದ್ದಿಲ್ಲ."

ಅಷ್ಟರಲ್ಲಿ ಅತ್ತಿಗೆ ಚಕ್ಕುಲಿ, ಕಜ್ಜಾಯ ತಂದರು. ಗೌಡ್ರ ಮನೆಯವರನ್ನು ನಾವು ಅತ್ತಿಗೆ ಅನ್ನುತ್ತೇವೆ, ಕುಲಕರ್ಣಿ ಮಾತ್ರ ವೈನಿ. ನಮ್ಮಲ್ಲಿ ಚುನಾವಣೆಯನ್ನು ಒಳಗಿನಿಂದ ನೋಡಿದವರು ಅವರೊಬ್ಬರೇ. ನವೆಂಬರ್ 3ಕ್ಕೆ ಮತಗಟ್ಟೆಯಲ್ಲಿ ಡ್ಯೂಟಿ ಮಾಡಿ ಬಂದಿದ್ದರು. ಹಾಗಾಗಿ ನಮ್ಮ ಮಾತು ಕೇಳುವಾಗ ಅವರ ಮುಖದಲ್ಲಿ, ಮಕ್ಕಳ ಪರೀಕ್ಷೆ ಪೇಪರ್ ತಿದ್ದುವ ಟೀಚರಮ್ಮನ ತಾಳ್ಮೆ ಇತ್ತು.

"ಜನವರಿ 20, ಮಧ್ಯಾಹ್ನ 12 ಗಂಟೆ," ಅಂದರು ಅತ್ತಿಗೆ. "ಅವರ ಅವಧಿ ಮುಗಿಯುತ್ತೆ. ಸಂವಿಧಾನದ ಇಪ್ಪತ್ತನೇ ತಿದ್ದುಪಡಿಯಲ್ಲೇ ಇದೆ. ಒಪ್ಪಿಕೊಂಡರೂ ಮುಗಿಯುತ್ತೆ, ಒಪ್ಪದಿದ್ದರೂ ಮುಗಿಯುತ್ತೆ. ಸೋತೆ ಅಂತ ಬಾಯಿಬಿಟ್ಟು ಹೇಳಬೇಕು ಅನ್ನೋ ಕಾನೂನೇ ಇಲ್ಲ ಇಲ್ಲಿ. 1896ರಲ್ಲಿ ಬ್ರಯಾನ್ ಸೋತಾಗ ಗೆದ್ದ ಮೆಕಿನ್ಲಿಗೆ ಟೆಲಿಗ್ರಾಂ ಕಳಿಸಿದ. ಆಮೇಲೆ ಅದೇ ರೂಢಿ ಆಯ್ತು. ಬರೀ ಮರ್ಯಾದೆ ವಿಷಯ."

"ಹಂಗಾದ್ರ ಕಷ್ಟನಽ ಬಿಡ್ರಿ," ಅಂದರು ಕುಲಕರ್ಣಿ.

ಶೆಟ್ರಿಗೆ ಚುರ್ ಅಂತು. "ಮಾರಾಯ್ರೆ, ಕೋರ್ಟಿಗೆ ಹೋಗೋದು ತಪ್ಪಾ? 2000ದಲ್ಲಿ ಅಲ್ ಗೋರ್ ಹೋಗಲಿಲ್ವಾ? ಬುಷ್‌ಗೆ ಫೋನ್ ಮಾಡಿ ಸೋತೆ ಅಂದ, ಇನ್ನೊಂದು ಫೋನ್ ಮಾಡಿ ಇಲ್ಲ ಅಂದ. ಡಿಸೆಂಬರ್ ತನಕ ಎಳೆದ. ಆಗ ನೀವು ಯಾರೂ ಅಕ್ಕಿ ತರಲಿಲ್ಲ."

ಇದಕ್ಕೆ ಉತ್ತರ ಇಲ್ಲದೆ ಎಲ್ಲರೂ ಚಕ್ಕುಲಿ ಮುರಿದೆವು. ಶೆಟ್ರ ಮಾತು ಸುಳ್ಳಲ್ಲ.

"ಹೋದರು, ಹೌದು," ಅಂದರು ಅತ್ತಿಗೆ. "ಒಂದೇ ರಾಜ್ಯ, ಫ್ಲಾರಿಡಾ. ಕೊನೆಗೆ ವ್ಯತ್ಯಾಸ 537 ಓಟು. ಡಿಸೆಂಬರ್ 12ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು, 13ಕ್ಕೆ ಟೀವಿಗೆ ಬಂದು ಮುಗೀತು ಅಂದರು. ಆಮೇಲೆ ಉಪಾಧ್ಯಕ್ಷರಾಗಿ ಸಂಸತ್ತಿನಲ್ಲಿ ಕೂತು, ತಾವು ಸೋತಿದ್ದನ್ನು ತಾವೇ ಪ್ರಕಟಿಸಿದರು. ಈಗ ಜಾರ್ಜಿಯಾ ಒಂದರಲ್ಲೇ 14 ಸಾವಿರದ ವ್ಯತ್ಯಾಸ ಇದೆ. 50 ಲಕ್ಷ ಓಟನ್ನು ಕೈಯಲ್ಲಿ ಮತ್ತೆ ಎಣಿಸ್ತಿದ್ದಾರೆ ಪಾಪ."

"ಪೆನ್ಸಿಲ್ವೇನಿಯಾ ಹೇಳಿ ಅತ್ತಿಗೆ," ಶೆಟ್ರು ಕುರ್ಚಿ ಮುಂದಕ್ಕೆ ಎಳೆದರು. ಗೌಡ್ರು ಟೇಪ್ ತೋರಿಸಿದರು. ಕುರ್ಚಿ ವಾಪಸ್ ಹೋಯಿತು. "ರಾತ್ರಿ ನಾನು ಮಲಗುವಾಗ ಟ್ರಂಪ್ ಸುಮಾರು 7 ಲಕ್ಷ ಮುಂದೆ ಇದ್ದರು. ಶನಿವಾರ ಹೊತ್ತಿಗೆ ಸೋತೇ ಹೋದರು. ಆ ಓಟೆಲ್ಲ ಎಲ್ಲಿಗೆ ಹೋಯ್ತು?"

"ಎಲ್ಲಿಗೂ ಹೋಗಲಿಲ್ಲ. ಬೇರೆಯವು ಬಂದವು. ಅಂಚೆಯಲ್ಲಿ ಬಂದ ಓಟನ್ನು ಚುನಾವಣೆ ದಿನ ಬೆಳಗಾಗೋ ತನಕ ಒಡೆಯೋ ಹಾಗೇ ಇಲ್ಲ ಅಂತ ಅಲ್ಲಿನ ಕಾನೂನು. ರಾಶಿ ರಾಶಿ ಲಕೋಟೆ. ಮೊದಲು ಎಣಿಸೋದು ಮತಗಟ್ಟೆಯದು. ಅಂಚೆಯಲ್ಲಿ ಹಾಕಬೇಡಿ, ಮೋಸ ಅಂತ ತಮ್ಮವರಿಗೆ ಬೇಸಿಗೆಯಿಂದ ಹೇಳಿದ್ದು ಯಾರು?"

ಶೆಟ್ರು ಕಾಫಿ ಕುಡಿದರು.

"ಇವರು ಗೆದ್ದಾಗಲೂ ಮೋಸ ಅಂದವರು," ಅಂತ ನಾನು ಸೇರಿಸಿದೆ. 2016ರಲ್ಲಿ ಗೆದ್ದು ಕೂತ ಮೇಲೂ ಲಕ್ಷಗಟ್ಟಲೆ ಕಳ್ಳ ಓಟು ಬಿದ್ದಿವೆ ಅಂತ ಟ್ರಂಪ್ ಹೇಳಿದ್ದರು. ಅದನ್ನು ಹುಡುಕೋಕೆ ಒಂದು ಆಯೋಗ ಮಾಡಿದರು. ಅದು ಏನೂ ಸಿಗದೆ 2018ರ ಜನವರಿಯಲ್ಲಿ ಮುಚ್ಚಿತು. ತಾನೇ ಗೆದ್ದ ಚುನಾವಣೆ ಮೇಲೆ ಅನುಮಾನ ಪಟ್ಟವರನ್ನು ನಾನು ಬೇರೆ ಕಂಡಿಲ್ಲ.

"ಅದು ಬಿಡಿ, ಆ ಫಿಲಡೆಲ್ಫಿಯಾ ಪ್ರೆಸ್‌ಮೀಟ್," ಗೌಡ್ರಿಗೆ ಆಗಲೇ ನಗು. "ಫೋರ್ ಸೀಸನ್ಸ್ ಅಂದ ತಕ್ಷಣ ನಾನು ದೊಡ್ಡ ಹೋಟೆಲ್ ಅಂದ್ಕೊಂಡೆ. ನೋಡಿದ್ರೆ ಫೋರ್ ಸೀಸನ್ಸ್ ಟೋಟಲ್ ಲ್ಯಾಂಡ್‌ಸ್ಕೇಪಿಂಗ್! ಹುಲ್ಲು ಕತ್ತರಿಸೋ ಕಂಪನಿ. ಪಕ್ಕದಲ್ಲಿ 'ದೊಡ್ಡವರಿಗೆ ಮಾತ್ರ' ಅನ್ನೋ ಪುಸ್ತಕದಂಗಡಿ, ಎದುರಿಗೆ ಹೆಣ ಸುಡೋ ಜಾಗ. ಟ್ರಂಪ್ ವಕೀಲ ಜೂಲಿಯಾನಿ ಅಲ್ಲಿ ನಿಂತು ಭಾಷಣ ಮಾಡ್ತಿರೋ ಹೊತ್ತಿಗೇ ಟೀವಿಯವರು ಬೈಡನ್ ಗೆದ್ದ ಅಂತ ಹೇಳಿಬಿಟ್ಟರು. ಶೆಟ್ರೇ, ನಮ್ಮ ಮನೆ ಮುಂದಿನ ಎಲೆ ಗುಡಿಸೋಕೆ ಅವರು ಬರ್ತಾರಾ ಸ್ವಲ್ಪ ಕೇಳಿ."

"ನಾನು ಓಟು ಹಾಕಿದ್ದು ಟ್ಯಾಕ್ಸ್ ಕಮ್ಮಿ ಆಗಲಿ ಅಂತ. ಪ್ರೆಸ್‌ಮೀಟ್ ಜಾಗ ಗೊತ್ತು ಮಾಡಿದ್ದು ನಾನಲ್ಲ," ಅಂದರು ಶೆಟ್ರು. ನಕ್ಕರು ಕೂಡ.

ಕುಲಕರ್ಣಿ ನಗಲಿಲ್ಲ. ಅವರ ಹತ್ತಿರ ಪಟ್ಟಿ ಇತ್ತು. "ಸೋಮವಾರ ರಕ್ಷಣಾ ಮಂತ್ರಿನ್ನ ಟ್ವಿಟರ್‌ನಾಗ ತಗದು ಹಾಕ್ಯಾರ. ಮಂಗಳವಾರ ವಿದೇಶಾಂಗ ಮಂತ್ರಿ ಪಾಂಪಿಯೊ, ಟ್ರಂಪ್ ಅವರ ಎರಡನೇ ಸರ್ಕಾರಕ್ಕ ಸುಸೂತ್ರ ಹಸ್ತಾಂತರ ಆಗ್ತದ ಅಂದ. ಅದೇನು ಚ್ಯಾಷ್ಟಿನೋ ಖರೇನೋ ತಿಳಿಲಿಲ್ಲ. ಮತ್ತ ಆ ಸಹಿ?"

ಸಹಿ ವಿಷಯ ಎಲ್ಲರಿಗೂ ಗೊತ್ತಿತ್ತು. ಸರ್ಕಾರದ ಕಟ್ಟಡ, ಕುರ್ಚಿ ಮೇಜು ನೋಡಿಕೊಳ್ಳುವ ಜಿಎಸ್ಎ ಅಂತ ಒಂದು ಇಲಾಖೆ. 1963ರ ಕಾಯ್ದೆ ಪ್ರಕಾರ, ಇಂಥವರು ಗೆದ್ದಂತೆ ಕಾಣುತ್ತೆ ಅಂತ ಅದರ ಮುಖ್ಯಸ್ಥರು ಒಂದು ಪತ್ರಕ್ಕೆ ಸಹಿ ಮಾಡಬೇಕಿತ್ತು. ಆಮೇಲೆಯೇ ಹೊಸಬರಿಗೆ ಆಫೀಸು, ದುಡ್ಡು, ಇಲಾಖೆಗಳ ಮಾಹಿತಿ. ಅಧ್ಯಕ್ಷರನ್ನು ಆರಿಸೋಕೆ ರಾಜ್ಯಗಳ ಪರವಾಗಿ ಓಟು ಹಾಕುವ ಎಲೆಕ್ಟರ್‌ಗಳಲ್ಲಿ ಬೈಡನ್‌ಗೆ 306, ಟ್ರಂಪ್‌ಗೆ 232 ಅಂತ ಲೆಕ್ಕ ಆಗಿತ್ತು. ಸಹಿ ಆಗಿರಲಿಲ್ಲ.

"ಖಾತೆ ಬದಲಾವಣೆ ಅರ್ಜಿ ಕಣ್ರೀ ಇದು," ಅಂದರು ಗೌಡ್ರು. ಊರಲ್ಲಿ ಅಪ್ಪನ ಜಮೀನಿನ ಖಾತೆಗೆ ಅಲೆದ ನೆನಪು ಅವರ ಮುಖದಲ್ಲೇ ಬಂತು. "ಜಮೀನು ನಿಮ್ಮದೇ, ಎಲ್ಲರಿಗೂ ಗೊತ್ತು. ಸಾಹೇಬರಿಗೂ ಗೊತ್ತು. ಆದ್ರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಅಮೆರಿಕಾಕ್ಕೆ ಬಂದು ಮೂವತ್ತು ವರ್ಷ ಆದಮೇಲೆ ಈ ದೇಶ ನನಗೆ ಅರ್ಥ ಆಗ್ತಿದೆ."

ಇಷ್ಟು ಹೊತ್ತು ಸುಮ್ನೆ ಕೂತಿದ್ದ ಭಟ್ಟರು ಗಂಟಲು ಸರಿಮಾಡಿಕೊಂಡರು. "ಇದೇನೂ ಅಲ್ಲ ಮಾರಾಯ. ಗ್ಯಾಂಬಿಯಾದ ಕಥೆ ಕೇಳಿದ್ದೀರಾ?"

ಭಟ್ಟರು ಕೆಲವು ವರ್ಷ ಸೆನೆಗಲ್‌ನ ಡಾಕಾರ್‌ನಲ್ಲಿ ಗೊಬ್ಬರದ ಕಂಪನಿಯಲ್ಲಿದ್ದವರು. ಗ್ಯಾಂಬಿಯಾ ಅಂದರೆ ಸೆನೆಗಲ್‌ನ ಹೊಟ್ಟೆಯೊಳಗೆ ಒಂದು ನದಿಯ ಎರಡು ದಡಕ್ಕೆ ಅಂಟಿಕೊಂಡಿರುವ ಚೂರು ದೇಶ.

"ಅಲ್ಲಿ ಯಾಹ್ಯಾ ಜಾಮೆ ಅಂತ. 1994ರಲ್ಲಿ, 29ನೇ ವಯಸ್ಸಿಗೆ ದಂಗೆ ಮಾಡಿ ಕುರ್ಚಿ ಹತ್ತಿದವ. ದೇವರು ಹೇಳಿದರೆ ನೂರು ಕೋಟಿ ವರ್ಷ ಆಳ್ತೇನೆ ಅಂದಿದ್ದ. ಏಡ್ಸ್‌ಗೆ ಸೊಪ್ಪಿನ ಔಷಧಿ ಕೊಡ್ತಿದ್ದ. 2016ರ ಡಿಸೆಂಬರ್ 1ಕ್ಕೆ ಚುನಾವಣೆ. ಅಲ್ಲಿ ಓಟು ಹಾಕೋದು ಹೇಗೆ ಗೊತ್ತಾ? ಗೋಲಿಯಲ್ಲಿ."

"ಗೋಲಿ ಅಂದ್ರೆ, ಬಂದೂಕಿಂದಾ?" ಕುಲಕರ್ಣಿ ಅರ್ಧ ಎದ್ದರು.

"ಅಲ್ಲ, ಆಡೋ ಗೋಲಿ. ಗಾಜಿನದ್ದು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಡ್ರಮ್. ನಿನಗೆ ಒಂದು ಗೋಲಿ ಕೊಡ್ತಾರೆ. ಡ್ರಮ್ಮಿನ ತೂತಿಗೆ ಹಾಕಿದರೆ ಒಳಗೆ ಗಂಟೆ ಟಣ್ ಅನ್ನುತ್ತೆ. ಎರಡು ಸಲ ಟಣ್ ಅಂದರೆ ಕಳ್ಳ ಸಿಕ್ಕಿಬಿದ್ದ. ಅದಕ್ಕೇ ಮತಗಟ್ಟೆ ಹತ್ತಿರ ಸೈಕಲ್ ತರೋ ಹಾಗಿಲ್ಲ. ಸೈಕಲ್ ಬೆಲ್ಲಿಗೂ ಓಟಿಗೂ ವ್ಯತ್ಯಾಸ ಗೊತ್ತಾಗಲ್ಲ."

ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತರು. "ಇದು ಇಲ್ಲಿ ತಂದರೆ ನನಗೆ ಅವತ್ತು ಅಷ್ಟು ಕಾಗದ ಮಡಚೋ ಕೆಲಸ ಇರ್ತಿರಲಿಲ್ಲ."

"ಗೋಲಿ ಎಣಿಸಿದರು. ಜಾಮೆ ಸೋತ! ಗೆದ್ದವನು ಆಡಮಾ ಬ್ಯಾರೋ. ಹಿಂದೆ ಲಂಡನ್ನಿನ ಅಂಗಡಿಯೊಂದರಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದವ. ಜಾಮೆ ಟೀವಿಯಲ್ಲಿ, ಎಲ್ಲರ ಎದುರು, ಅವನಿಗೆ ಫೋನ್ ಮಾಡಿ ನಗುನಗುತ್ತಾ ಅಭಿನಂದನೆ ಹೇಳಿದ. ಡಾಕಾರ್‌ನಲ್ಲಿ ನಮ್ಮ ಡ್ರೈವರ್‌ಗೆ ನಂಬೋಕೇ ಆಗಲಿಲ್ಲ. ಒಂದು ವಾರ ಆಯ್ತು. ಲೆಕ್ಕದಲ್ಲಿ ಸ್ವಲ್ಪ ತಪ್ಪಿತ್ತು ಅಂತ ಚುನಾವಣಾ ಆಯೋಗ ಅಂಕಿ ತಿದ್ದಿತು. ಗೆದ್ದವ ಗೆದ್ದವನೇ, ಅಂತರ ಕಮ್ಮಿ ಆಯ್ತು ಅಷ್ಟೇ. 9ನೇ ತಾರೀಕು ಜಾಮೆ ಮತ್ತೆ ಟೀವಿಗೆ ಬಂದ. ಒಪ್ಪಲ್ಲ ಅಂದ."

"ನೋಡ್ರಿ! ನೋಡ್ರಿ!" ಕುಲಕರ್ಣಿಗೆ ಭಯವೂ ಆಯಿತು, ತಮ್ಮ ಮಾತು ನಿಜವಾದ ಸಂತೋಷವೂ ಆಯಿತು.

"ಸುಪ್ರೀಂ ಕೋರ್ಟಿಗೆ ಹೋದ. ಹೋದರೆ ಅಲ್ಲಿ ಕೇಸು ಕೇಳೋಕೆ ಜಡ್ಜ್‌ಗಳೇ ಇಲ್ಲ!"

"ಎಲ್ಲಿ ಹೋದ್ರು?"

"ಇವನೇ ಕೆಲವರನ್ನು ತೆಗೆದು ಹಾಕಿದ್ದ. ಕೋರ್ಟು ಒಂದೂವರೆ ವರ್ಷದಿಂದ ಕೂತೇ ಇರಲಿಲ್ಲ. ಹೊರದೇಶದಿಂದ ಜಡ್ಜ್ ತರಿಸಬೇಕು, ಅವರು ಮೇ ತಿಂಗಳ ತನಕ ಬರಲ್ಲ. ನ್ಯಾಯ ಕೇಳೋಕೆ ಹೋದವನಿಗೆ ತಾನೇ ಹಾಕಿದ ಬೀಗ ಎದುರಾಯ್ತು."

ಗೌಡ್ರು ಚಪ್ಪಾಳೆ ತಟ್ಟಿದರು. ಶೆಟ್ರು ಕೂಡ ತೊಡೆ ತಟ್ಟಿಕೊಂಡರು.

"ಆಮೇಲೆ ಅಕ್ಕಪಕ್ಕದ ದೇಶಗಳ ಸೈನ್ಯ ಗಡಿಗೆ ಬಂತು. ಬ್ಯಾರೋ 2017ರ ಜನವರಿ 19ಕ್ಕೆ ಡಾಕಾರ್‌ನಲ್ಲಿ ತಮ್ಮ ರಾಯಭಾರ ಕಚೇರಿಯ ಸಣ್ಣ ಕೋಣೆಯಲ್ಲಿ ಪ್ರಮಾಣವಚನ ತಗೊಂಡ. ದೇಶ ಒಂದು ಕಡೆ, ಅಧ್ಯಕ್ಷ ಇನ್ನೊಂದು ಕಡೆ. ಮಂತ್ರಿಗಳು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ಉಪಾಧ್ಯಕ್ಷೆಯೂ ಕೊಟ್ಟಳು. ಇನ್ನು ಉಳಿದಿದ್ದು ಸೇನೆಯ ಮುಖ್ಯಸ್ಥ. ಅವನು ಏನು ಮಾಡಿದ ಗೊತ್ತಾ? ಇದು ರಾಜಕೀಯದವರ ಜಗಳ, ಇಂಥ ದಡ್ಡ ಜಗಳಕ್ಕೆ ನನ್ನ ಹುಡುಗರನ್ನು ಕಳಿಸಲ್ಲ, ಸೆನೆಗಲ್‌ನವರು ಬಂದರೆ ಹೀಗೆ ಅಂತ..."

ಭಟ್ಟರು ಎರಡೂ ಕೈ ಮೇಲೆತ್ತಿ ತೋರಿಸಿದರು. ಒಂದು ಕೈಯಲ್ಲಿ ಕಜ್ಜಾಯ ಇತ್ತು.

"21ಕ್ಕೆ ಜಾಮೆ ವಿಮಾನ ಹತ್ತಿ ಈಕ್ವಟೋರಿಯಲ್ ಗಿನಿಗೆ ಹೋದ. ದುಬಾರಿ ಕಾರುಗಳನ್ನು ಬೇರೆ ವಿಮಾನಕ್ಕೆ ತುಂಬಿಸಿದ. ಖಜಾನೆಯಲ್ಲಿ 1 ಕೋಟಿ 10 ಲಕ್ಷ ಡಾಲರ್ ಕಾಣ್ತಿಲ್ಲ ಅಂತ ಹೊಸಬರು ಹೇಳಿದರು. ಅವ ಒಬ್ಬನೇ ಹಟ ಹಿಡಿದರೆ ಏನೂ ಆಗಲ್ಲ ಮಾರಾಯ. ಸುತ್ತ ಇರೋರು ಕೈ ಎತ್ತುತ್ತಾರೋ, ಕೈ ಜೋಡಿಸ್ತಾರೋ, ಅಷ್ಟು ನೋಡು."

ಇದು ನನಗೆ ಸರಿ ಅನ್ನಿಸಿತು. ನಾವು ತಿಂಗಳುಗಟ್ಟಲೆ ಒಬ್ಬ ಮನುಷ್ಯನ ಬಾಯಿ ನೋಡುತ್ತಾ ಕೂತಿದ್ದೆವು. ನೋಡಬೇಕಾಗಿದ್ದು ಎಣಿಸುವವರ ಕೈ.

"ಇಲ್ಲಿನ ಸೇನೆಯ ಜನರಲ್ ಮಿಲ್ಲಿ ಈ ವಾರವೇ ಹೇಳಿದರಲ್ಲ," ಅಂದರು ಅತ್ತಿಗೆ. "ನಾವು ರಾಜನಿಗೋ ಸರ್ವಾಧಿಕಾರಿಗೋ ಪ್ರಮಾಣ ಮಾಡಲ್ಲ, ಸಂವಿಧಾನಕ್ಕೆ ಮಾಡ್ತೀವಿ ಅಂತ. ಬೈಡನ್ ಕಡೆಯವರೂ ಅಂದಿದ್ದಾರೆ, ಅತಿಕ್ರಮಣ ಮಾಡಿದವರನ್ನು ಶ್ವೇತಭವನದಿಂದ ಹೊರಗೆ ಕಳಿಸೋದು ಸರ್ಕಾರಕ್ಕೆ ಗೊತ್ತು ಅಂತ. ನಮ್ಮ ಮತಗಟ್ಟೆಯಲ್ಲೂ ಎರಡೂ ಪಕ್ಷದವರು ಸಮ ಸಮ ಇದ್ದೆವು. ರಿಪಬ್ಲಿಕನ್ ಹೆಂಗಸು ನನ್ನ ಪಕ್ಕದಲ್ಲೇ. ಎಲ್ಲ ಕಾಗದಕ್ಕೂ ಅವಳದೂ ಸಹಿ, ನನ್ನದೂ ಸಹಿ. ಮಧ್ಯಾಹ್ನ ಅವಳು ಬಾಳೆಹಣ್ಣಿನ ಕೇಕ್ ಕೊಟ್ಟಳು, ನಾನು ಚಿತ್ರಾನ್ನ ಕೊಟ್ಟೆ."

ಗೌಡ್ರಿಗೆ 1977 ನೆನಪಾಯಿತು. "ನಮ್ಮಪ್ಪ ಹೇಳೋರು. ಇಂದಿರಾ ಗಾಂಧಿ ರಾಯ್‌ಬರೇಲೀಲೇ ಸೋತಾಗ, ತುರ್ತು ಪರಿಸ್ಥಿತಿ ತಂದವರು ಸುಮ್ನೆ ಎದ್ದು ಹೋಗ್ತಾರಾ ಅಂತ ಊರೆಲ್ಲ ಹೆದರಿತ್ತಂತೆ. ಹೋದರು. ಮರುವರ್ಷ ನಮ್ಮ ಚಿಕ್ಕಮಗಳೂರಿಂದ ಗೆದ್ದು ಬಂದರು. ಎದ್ದು ಹೋದವರಿಗೆ ತಾನೇ ವಾಪಸ್ ಬರೋ ದಾರಿ?"

"ಇಲ್ಲೂ ಒಬ್ಬರಿದ್ದಾರೆ, ನಮ್ಮ ನ್ಯೂಜೆರ್ಸಿಯಲ್ಲೇ ಹುಟ್ಟಿದವರು," ಅಂದರು ಅತ್ತಿಗೆ. "ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್. 1888ರಲ್ಲಿ ಸೋತು ಹೋದರು, 1892ರಲ್ಲಿ ಗೆದ್ದು ಬಂದರು."

"ಇವರ ವಯಸ್ಸಿಗೆ ಅದೆಲ್ಲ ಆಗೋ ಮಾತಾ ಅತ್ತಿಗೆ?" ಅಂದರು ಶೆಟ್ರೇ.

"ಬಲೀಂದ್ರ ಪ್ರತಿ ವರ್ಷ ಬರಲ್ವಾ?" ಭಟ್ಟರು ಬಿಡಲಿಲ್ಲ. "ನಾಳೆ ಪಾಡ್ಯ. ಮೂರು ಹೆಜ್ಜೆಗೆ ಎಲ್ಲ ಬಿಟ್ಟುಕೊಟ್ಟ. ಅವನಿಗೂ ಸಲಹೆಗಾರರಿದ್ದರು. ಶುಕ್ರಾಚಾರ್ಯರು ಬೇಡ ಬೇಡ ಅಂತ ಗಿಂಡಿಯ ಮೂತಿಗೆ ಅಡ್ಡ ಕೂತು, ದರ್ಭೆಯಲ್ಲಿ ಕಣ್ಣು ಚುಚ್ಚಿಸಿಕೊಂಡರು."

"ಜೂಲಿಯಾನಿಗೆ ಯಾರಾದರೂ ಈ ಕಥೆ ಹೇಳಬೇಕು," ಅಂದರು ಗೌಡ್ರು.

ಚಳಿ ಏರಿತ್ತು. ಕುಲಕರ್ಣಿ ಮಾತ್ರ ಎದ್ದಿರಲಿಲ್ಲ. "ವೈನಿ, ಇನ್ನ ಯಾವ್ಯಾವ ದಿನಾ ಹೆದರಬೇಕು, ಅಷ್ಟು ಹೇಳಿಬಿಡ್ರಿ. ಬರಕೋತೀನಿ."

"ಡಿಸೆಂಬರ್ 8, ರಾಜ್ಯಗಳು ತಕರಾರು ಮುಗಿಸೋ ದಿನ."

"ಹೆದರಿಕಿ ಅದ."

"ಡಿಸೆಂಬರ್ 14, ಎಲೆಕ್ಟರ್‌ಗಳು ಓಟು ಹಾಕೋದು."

"ಅವತ್ತಂತೂ ಭಾಳ ಹೆದರಿಕಿ."

"ಜನವರಿ 6, ಸಂಸತ್ತಿನಲ್ಲಿ ಆ ಓಟಿನ ಲಕೋಟೆ ಒಡೆದು ಲೆಕ್ಕ ಓದ್ತಾರೆ. ಆಮೇಲೆ 20, ಪ್ರಮಾಣವಚನ."

ಕುಲಕರ್ಣಿ ಪೆನ್ನು ನಿಲ್ಲಿಸಿದರು. "6ನೇ ತಾರೀಕು ಏನ್ ಮಾಡ್ತಾರ, ಬರೇ ಓದೋದಾ?"

"ಬರೀ ಓದೋದು. ಒಂದೊಂದೇ ರಾಜ್ಯ. ಅಲಬಾಮಾ, ಅಲಾಸ್ಕಾ, ಅರಿಜೋನಾ ಅಂತ ಸಾಲಾಗಿ."

"ಬುಧವಾರ ಬೇರೆ," ಗೌಡ್ರು ಫೋನಿನಲ್ಲಿ ಕ್ಯಾಲೆಂಡರ್ ನೋಡಿದರು. "ಕೆಲಸದ ದಿನ. ಅದನ್ನ ನೋಡೋಕೆ ಯಾರ್ರೀ ಬರ್ತಾರೆ?"

"ಹಂಗಾದ್ರ ಅದೊಂದು ದಿನಾ ಬಿಟ್ಟುಬಿಡ್ತೀನಿ," ಅಂತ ಕುಲಕರ್ಣಿ ಪಟ್ಟಿಯಿಂದ ಜನವರಿ 6ನ್ನು ಹೊಡೆದು ಹಾಕಿದರು.