ವಿಂಡ್ ಎನ್ಸೆಂಬಲ್ ಅಂದ್ರೆ ಬ್ಯಾಂಡೇ ಅಲ್ವಾ?

ಪ್ರಶ್ನೆ: ಮಗಳು ಅಮೆರಿಕದ ರಾಚೆಸ್ಟರ್‌ನ ಈಸ್ಟ್‌ಮನ್ ಸಂಗೀತ ಶಾಲೆಗೆ ಕ್ಲ್ಯಾರಿನೆಟ್ ಆಡಿಷನ್ ಕೊಡ್ತಾಳಂತೆ. ನನಗೆ ಗೊತ್ತಿರೋದು ಮೈಸೂರು ದಸರಾದ ಪೊಲೀಸ್ ಬ್ಯಾಂಡ್ ಒಂದೇ. ಅದಕ್ಕೂ ಅಲ್ಲಿನ ವಿಂಡ್ ಎನ್ಸೆಂಬಲ್‌ಗೂ (ಊದೋ ವಾದ್ಯಗಳ ತಂಡ) ಏನ್ರೀ ವ್ಯತ್ಯಾಸ?

ಉತ್ತರ 1: ಎನ್ಸೆಂಬಲ್‌ನೋರು ಕೂತು ಊದ್ತಾರೆ, ಅಷ್ಟೇ 😀

ಉತ್ತರ 2: ಅಷ್ಟೇ ಅಲ್ಲ ಸಾರ್. ನಾನು ಟ್ರಂಪೆಟ್‌ನೋನು, ಹೇಳ್ತೀನಿ ಕೇಳಿ. ದೊಡ್ಡ ಬ್ಯಾಂಡಲ್ಲಿ ಒಂದೇ ಸ್ವರಸಾಲನ್ನ ಐದಾರು ಜನ ಒಟ್ಟಿಗೆ ಊದ್ತಾರೆ. ಒಬ್ಬ ಎಡವಿದ್ರೂ ಮುಚ್ಚಿಹೋಗುತ್ತೆ. 1952ರಲ್ಲಿ ಅದೇ ಈಸ್ಟ್‌ಮನ್‌ನಲ್ಲಿ ಕಂಡಕ್ಟರ್ ಫ್ರೆಡರಿಕ್ ಫೆನೆಲ್ ಒಂದು ಸಾಲಿಗೆ ಒಬ್ಬರೇ ಸಾಕು ಅಂತ ತಂಡ ಕಟ್ಟಿದ್ರು. ಹೆಪಟೈಟಿಸ್ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊಳೆದದ್ದಂತೆ. ಎರಡನೇ ಓಬೋ (ಶಹನಾಯಿ ಥರದ ವಾದ್ಯ) ಊದೋನು ಉಸಿರು ತಪ್ಪಿದ್ರೂ ಹಾಲ್‌ಗೆಲ್ಲ ಕೇಳುತ್ತೆ! ಮರ್ಕ್ಯುರಿ ರೆಕಾರ್ಡ್ ಕಂಪನಿಗೆ ಫೆನೆಲ್ ಮಾಡಿದ ರೆಕಾರ್ಡಿಂಗ್‌ಗಳಿವೆ, ಇಯರ್‌ಫೋನ್ ಹಾಕ್ಕೊಂಡು ಕೇಳಿ.

ಪ್ರಶ್ನೆ ಕೇಳಿದವರು: ಅಯ್ಯೋ, ಹಾಗಾದ್ರೆ ನಮ್ಮ ಹುಡುಗಿಗೆ ಅಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ!